ಗಟ್ಟಿಮುಟ್ಟಾದ ಹಡಗನ್ನ ಬಿಟ್ಟು ಇಳಿದ ಕ್ಯಾಪ್ಟನ್: 1871ರ ಆರ್ಕ್ಟಿಕ್ ಮತ್ತು ವಿಲಿಯಮ್ಸ್ ಕುಟುಂಬದ ಪ್ರಕರಣ

1871ನೇ ಇಸವಿ ಸೆಪ್ಟೆಂಬರ್ 14. ಅಲಾಸ್ಕಾದ ವಾಯುವ್ಯ ಕರಾವಳಿ, ಪಾಯಿಂಟ್ ಬೆಲ್ಚರ್ ಅಂತ ಕರೆಯೋ ಜಾಗದ ಹತ್ರ ಮಾಂಟಿಸೆಲ್ಲೋ ಅನ್ನೋ ತಿಮಿಂಗಿಲ ಬೇಟೆ ಹಡಗು ಲಂಗರು ಹಾಕಿ ನಿಂತಿದೆ. ಅದರ ಕ್ಯಾಪ್ಟನ್ ಥಾಮಸ್ ವಿಲಿಯಮ್ಸ್, ಅವರ ಹೆಂಡ್ತಿ ಎಲೈಜಾ, 12 ವರ್ಷದ ಮಗ ವಿಲಿಯಂ, 10 ವರ್ಷದ ಮಗಳು ಮೇರಿ ಬಟ್ಟೆಬರೆ, ಹಾಸಿಗೆ, ಊಟದ ಸಾಮಾನು ಕಟ್ಕೊಂಡು ಬೇಟೆ ದೋಣಿಗೆ ಇಳೀತಿದ್ದಾರೆ. ಹಡಗು ಮುಳುಗ್ತಿಲ್ಲ, ಬೆಂಕಿ ಬಿದ್ದಿಲ್ಲ, ಒಂದು ಹಲಗೆನೂ ಬಿರುಕು ಬಿಟ್ಟಿಲ್ಲ. ಬಾವುಟ ಏರಿಸಿದ್ದಾರೆ, ಡೆಕ್ ಮೇಲೆ, ಕ್ಯಾಬಿನ್ ಒಳಗೆ ಎಲ್ಲ ಸಾಮಾನನ್ನ ನಾಳೆ ಬೆಳಗ್ಗೆ ವಾಪಸ್ ಬರೋರ ಹಾಗೆ ಇದ್ದಲ್ಲೇ ಇಟ್ಟಿದ್ದಾರೆ, ಹೆಂಡದ ಪೀಪಾಯಿಗಳನ್ನ ಮಾತ್ರ ಖಾಲಿ ಮಾಡಿದ್ದಾರೆ. ಹತ್ತು ತಿಂಗಳು ಮನೆಯಾಗಿದ್ದ ಹಡಗು ಅದು.

ನನಗೆ ಈ ಪ್ರಕರಣ ಓದಿದಾಗಿಂದ ತಲೆಯಿಂದ ಹೋಗಿಲ್ಲ. ಸಮುದ್ರದ ಕಥೆ ಅಂದ್ರೆ ಹಡಗು ಮುಳುಗೋದು, ಕ್ಯಾಪ್ಟನ್ ಕೊನೆವರೆಗೂ ಹಡಗಲ್ಲೇ ನಿಲ್ಲೋದು, ಅದನ್ನೇ ನಾವು ಧೈರ್ಯ ಅಂತ ಓದ್ಕೊಂಡು ಬಂದಿರೋದು. ಇಲ್ಲಿ ಧೈರ್ಯ ಬೇಕಾಗಿದ್ದು ಬೇರೆ ಕೆಲಸಕ್ಕೆ, ಚೆನ್ನಾಗಿರೋ ಹಡಗನ್ನ ಇನ್ನೂ ಟೈಮ್ ಇರೋವಾಗ್ಲೇ ಬಿಟ್ಟು ಹೋಗೋದಕ್ಕೆ. ಅವತ್ತು ಆ ತೀರದಲ್ಲಿ ಐಸಿಗೆ ಸಿಕ್ಕ ಬೇಟೆ ಹಡಗುಗಳನ್ನ ಬಿಟ್ಟು ಹೊರಟೋರು ಒಟ್ಟು 1219 ಜನ, ಗಂಡಸರು ಹೆಂಗಸರು ಮಕ್ಕಳು ಎಲ್ಲ ಸೇರಿ. ಒಬ್ಬರೂ ಸಾಯ್ಲಿಲ್ಲ. ಇದು ಹೇಗಾಯ್ತು ಅಂತ ಸ್ವಲ್ಪ ವಿವರವಾಗಿ ನೋಡೋಣ ಅಂತ ಬರೀತಿದೀನಿ, ಅದಕ್ಕೆ ಮೊದಲು ಈ ಕುಟುಂಬ ಯಾವುದು, ಇಷ್ಟು ದೂರ ಮಕ್ಕಳನ್ನ ಕಟ್ಕೊಂಡು ಯಾಕೆ ಬಂದಿತ್ತು ಅನ್ನೋದು ಗೊತ್ತಾಗ್ಬೇಕು.

ವಿಲಿಯಮ್ಸ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆದರ್ಸ್‌ಫೀಲ್ಡ್ ಊರಿನವರು. ಆರಡಿ ಎತ್ತರದ ಭಾರಿ ಆಳು. ಎಲೈಜಾ ಅಂದ್ರೆ ಗಂಡ ಕೈ ಅಗಲಿಸಿ ಚಾಚಿದ್ರೆ ಅದರಡಿಲಿ ಆರಾಮಾಗಿ ನಿಂತ್ಕೊಳ್ಳೋವಷ್ಟು ಪುಟ್ಟ ಹೆಂಗಸು. 1858ರ ಸೆಪ್ಟೆಂಬರ್ 7ನೇ ತಾರೀಕು ಬೆಳಗ್ಗೆ ಈಕೆ ಗಂಡನ ಜೊತೆ ಫ್ಲಾರಿಡಾ ಅನ್ನೋ ಹಡಗು ಹತ್ತಿದ್ರು. ದೊಡ್ಡ ಗಂಡು ಮಕ್ಕಳಿಬ್ಬರನ್ನ ಊರಲ್ಲಿ ಅಜ್ಜಿ ತಾತನ ಹತ್ರ ಬಿಟ್ಟಿದ್ರು, ಹೊಟ್ಟೇಲಿ ಇನ್ನೊಂದು ಮಗು. ಹಡಗು ಹತ್ತಿದ ದಿನದಿಂದಲೇ ಡೈರಿ ಬರೆಯೋಕೆ ಶುರು ಮಾಡಿದ್ರು, ಆ ಡೈರಿ ಇವತ್ತಿಗೂ ಉಳಿದಿದೆ. ಅದರಲ್ಲಿ ಒಂದು ಕಡೆ ಕೆಲವು ವಾರ ಏನೂ ಬರೆದಿಲ್ಲ, ಖಾಲಿ. ಆಮೇಲೆ ಬರೆಯೋವಾಗ ನ್ಯೂಜಿಲೆಂಡ್ ಬಂದರು ಮುಟ್ಟೋಕೆ ಐದು ದಿನ ಮುಂಚೆ ಗಂಡು ಮಗು ಆಯ್ತು, ಆರೋಗ್ಯವಾಗಿದೆ ಅಂತ ಎರಡು ಮಾತಲ್ಲಿ ಮುಗಿಸ್ತಾರೆ. 1859ರ ಜನವರಿ 12, ನಡು ಸಮುದ್ರದಲ್ಲಿ, ಇನ್ನೊಬ್ಬ ಹೆಂಗಸೂ ಇಲ್ಲದ ಹಡಗಲ್ಲಿ ಹೆರಿಗೆ. ಆ ಮಗುನೇ ವಿಲಿಯಂ. ತಂಗಿ ಮೇರಿ ಅದೇ ಪ್ರಯಾಣದಲ್ಲಿ 1861ರಲ್ಲಿ ಮೆಕ್ಸಿಕೋ ಕರಾವಳಿಯ ಬಾಂಡೆರಾಸ್ ಕೊಲ್ಲಿಯಲ್ಲಿ ಹುಟ್ಟಿದ್ದು. ಬಾಣಂತನ ಅಂದ್ರೆ ತವರು ಮನೆ, ಎಣ್ಣೆ ನೀರು, ಅಮ್ಮನ ಕೈ ಅಂತ ಯೋಚನೆ ಮಾಡೋ ನಮಗೆ ಆ ಎರಡು ಸಾಲು ಓದಿದ್ರೆ ಕರುಳು ಚುರ್ ಅನ್ನುತ್ತೆ.

ಆ ಕಾಲದಲ್ಲಿ ಒಂದು ಬೇಟೆ ಪ್ರಯಾಣ ಅಂದ್ರೆ ಮೂರು ನಾಲ್ಕು ವರ್ಷ. ಮದುವೆಯಾಗಿ ಹತ್ತು ವರ್ಷ ಆದ್ರೂ ಗಂಡನ ಜೊತೆ ಒಟ್ಟು ಎರಡು ವರ್ಷನೂ ಇದ್ದಿರದ ಹೆಂಡ್ತಿರು ಇದ್ರು. ಹಾಗಾಗಿ ಕೆಲವು ಹೆಂಗಸರು ನಾನೂ ಬರ್ತೀನಿ ಅಂತ ಹೊರಟ್ರು, ಮಾಲೀಕರೂ ಒಪ್ಕೊಂಡ್ರು. ಅಂಥ ಹಡಗಿಗೆ ನಾವಿಕರು ಹೇಂಟೆ ಹಡಗು ಅಂತ ಅಡ್ಡಹೆಸರಿಟ್ಟಿದ್ರು. ಕ್ಯಾಪ್ಟನ್ ಹೆಂಡ್ತಿಗೆ ಹಿಂಭಾಗದ ಕ್ಯಾಬಿನ್ನು, ಡೆಕ್ಕಿನ ಹಿಂದಿನ ತುಣುಕು, ಅಷ್ಟೇ ಪ್ರಪಂಚ, ಮುಂಭಾಗ ನಾವಿಕರದ್ದು, ಅಲ್ಲಿಗೆ ಹೋಗೋ ಹಾಗಿಲ್ಲ. ತಿಮಿಂಗಿಲ ಸಿಕ್ಕ ದಿನ ಡೆಕ್ ಮೇಲಿನ ಇಟ್ಟಿಗೆ ಒಲೆಗೆ ಬೆಂಕಿ ಹಾಕಿ ದೊಡ್ಡ ಕಡಾಯಿಗಳಲ್ಲಿ ಕೊಬ್ಬು ಕಾಯಿಸ್ತಾರೆ, ಎಣ್ಣೆ ಬಿಟ್ಟ ಮೇಲೆ ಉಳಿಯೋ ಚರಟವನ್ನೇ ಮತ್ತೆ ಒಲೆಗೆ ತುಂಬ್ತಾರೆ, ಹಗಲು ರಾತ್ರಿ ಹೊಗೆ, ಮಸಿ, ಜಿಡ್ಡು, ವಾಸನೆ, ಒಗೆದು ಹಾಕಿದ ಬಟ್ಟೆ ಕೂಡ ಬಿಳಿ ಉಳಿಯಲ್ಲ. ಬೇರೆ ಹಡಗು ಎದುರಾದ್ರೆ ಮಾತ್ರ ಹಬ್ಬ. ಅಲ್ಲೂ ಒಬ್ಬ ಹೆಂಗಸಿದ್ರೆ ಪೀಪಾಯಿಯನ್ನ ಅರ್ಧಕ್ಕೆ ಕುಯ್ದು ಮಾಡಿದ ಕುರ್ಚಿಲಿ ಈಕೇನ ಕೂರಿಸಿ ಹಗ್ಗದಲ್ಲಿ ದೋಣಿಗೆ ಇಳಿಸ್ತಿದ್ರು, ಅಲ್ಲಿಂದ ಆ ಹಡಗಿಗೆ ಹೀಗೇ ಮೇಲೆತ್ತುತಿದ್ರು, ತಿಂಗಳುಗಟ್ಟಲೆ ಕಟ್ಟಿಟ್ಟಿದ್ದ ಮಾತೆಲ್ಲ ಅವತ್ತು.

ವಿಲಿಯಮ್ಸ್‌ಗೆ ಹಡಗು ಕಳ್ಕೊಳ್ಳೋದು ಹೊಸದೇನಲ್ಲ. 1865ರಲ್ಲಿ ಜೈರಾ ಸ್ವಿಫ್ಟ್ ಅನ್ನೋ ಹಡಗಿನ ಕ್ಯಾಪ್ಟನ್ ಆಗಿ ಬೇರಿಂಗ್ ಸಮುದ್ರದಲ್ಲಿದ್ದಾಗ ದಕ್ಷಿಣದ ಬಂಡಾಯ ರಾಜ್ಯಗಳ ಯುದ್ಧನೌಕೆ ಶೆನಾಂಡೋವಾ ಬೆನ್ನು ಹತ್ತಿತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಏಪ್ರಿಲಲ್ಲೇ ಶರಣಾಗಿದ್ರೂ ಆ ನೌಕೆ ಜೂನ್‌ನಲ್ಲೂ ಅಲ್ಲಿ ಹಡಗು ಸುಡ್ತಾನೇ ಇತ್ತು. ವಿಲಿಯಮ್ಸ್ ಐಸ್ ಕಡೆಗೆ ಓಡಿಸಿಕೊಂಡು ಹೋಗಿ ತಪ್ಪಿಸ್ಕೊಳ್ಳೋಕೆ ನೋಡಿದ್ರು, ಆಗ್ಲಿಲ್ಲ, ಜೂನ್ 22ಕ್ಕೆ ಹಡಗು ಸುಟ್ಟು ಹೋಯ್ತು. ಅಂದ್ರೆ ಈ ಮನುಷ್ಯ ಹೆದರಿ ಹಡಗು ಬಿಡೋ ಜಾತಿಯಲ್ಲ, ಇದನ್ನ ಮುಂದಿನ ಕಥೆಗೆ ನೆನಪಲ್ಲಿಟ್ಕೊಳ್ಳಿ.

ಈಗ ಆ ಸಮುದ್ರದ ವಿಷಯ. 1848ರಲ್ಲಿ ಥಾಮಸ್ ರಾಯ್ಸ್ ಅನ್ನೋ ಕ್ಯಾಪ್ಟನ್ ತನ್ನ ಸುಪೀರಿಯರ್ ಹಡಗನ್ನ ಸೈಬೀರಿಯಾಕ್ಕೂ ಅಲಾಸ್ಕಾಕ್ಕೂ ಮಧ್ಯ ಇರೋ ಬೇರಿಂಗ್ ಜಲಸಂಧಿ ದಾಟಿಸಿ ಉತ್ತರಕ್ಕೆ ಹೋದ್ರು, ಅಲ್ಲಿ ಬೋಹೆಡ್ ತಿಮಿಂಗಿಲ ಸಿಕ್ತು, ಮರುವರ್ಷದಿಂದ ಹಡಗುಗಳು ಸಾಲುಗಟ್ಟಿದ್ವು. ಬೋಹೆಡ್ ಅಂದ್ರೆ ದಪ್ಪ ಕೊಬ್ಬಿನ, ನಿಧಾನವಾಗಿ ಈಜೋ ಪ್ರಾಣಿ, ಅರವತ್ತಡಿ ಹತ್ತಿರ ಉದ್ದ ಬೆಳೆಯುತ್ತೆ, ಒಂದರಿಂದಲೇ ನೂರು ಪೀಪಾಯಿ ಎಣ್ಣೆ ಬರ್ತಿತ್ತು. ಬಾಯಲ್ಲಿ ಹಲ್ಲಿನ ಬದಲು ಬಾಚಣಿಗೆ ಥರ ಇಳಿಬಿದ್ದಿರೋ ಪಟ್ಟಿಗಳಿರುತ್ವೆ, ಬಲೀನ್ ಅಂತಾರೆ, ಹನ್ನೆರಡು ಹದಿಮೂರು ಅಡಿ ಉದ್ದದ್ದೂ ಇರುತ್ತೆ. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಪೆಟ್ರೋಲಿಯಂ ಬಾವಿ ಕೊರೆದ ಮೇಲೆ ದೀಪಕ್ಕೆ ಸೀಮೆಎಣ್ಣೆ ಬಂತು, ತಿಮಿಂಗಿಲದ ಎಣ್ಣೆಗೆ ಬೆಲೆ ಇಳೀತು, ಆದ್ರೆ ಹೆಂಗಸರು ಸೊಂಟ ಬಿಗಿಯೋಕೆ ತೊಡ್ತಿದ್ದ ಕಾರ್ಸೆಟ್ಟು, ಛತ್ರಿ ಕಡ್ಡಿ, ಚಾವಟಿ ಇವಕ್ಕೆಲ್ಲ ಬಲೀನ್ ಬೇಕೇ ಬೇಕಿತ್ತು. ಹಾಗಾಗಿ ಹಡಗುಗಳು ವರ್ಷ ವರ್ಷ ಇನ್ನೂ ಉತ್ತರಕ್ಕೆ, ಇನ್ನೂ ಲೇಟಾಗಿ, ಐಸಿನ ಬಾಯಿಗೆ ಇನ್ನೂ ಹತ್ರ ಹೋಗೋಕೆ ಶುರುವಾಯ್ತು. ಸಂಬಳ ಅಂತ ಯಾರಿಗೂ ಇಲ್ಲ, ಕ್ಯಾಪ್ಟನ್ನಿಂದ ಹಿಡಿದು ಅಡುಗೆಯವನವರೆಗೆ ಎಲ್ಲರಿಗೂ ಬಂದಿದ್ದರಲ್ಲಿ ಪಾಲು. ಬರಿಗೈಲಿ ವಾಪಸ್ ಹೋದ್ರೆ ಮೂರು ವರ್ಷದ ದುಡಿಮೆಗೆ ಸೊನ್ನೆ.

ಆ ತೀರದ ಗಾಳಿ ಲೆಕ್ಕ ಹೀಗಿದೆ. ಬೇಸಿಗೆಯಲ್ಲಿ ಸಾಮಾನ್ಯವಾಗಿ ಈಶಾನ್ಯದಿಂದ ಗಾಳಿ ಬೀಸುತ್ತೆ, ಅದು ಐಸಿನ ದೊಡ್ಡ ರಾಶಿಯನ್ನ ದಡದಿಂದ ಆಚೆಗೆ ತಳ್ಳುತ್ತೆ, ದಡಕ್ಕೂ ಐಸಿಗೂ ಮಧ್ಯ ನೀರಿನ ಓಣಿ ಬಿಟ್ಕೊಳ್ಳುತ್ತೆ. ಹಡಗುಗಳು ಆ ಓಣಿಯೊಳಗೆ ನುಗ್ಗಿ ಬೇಟೆ ಆಡ್ತವೆ. ಗಾಳಿ ತಿರುಗಿ ಪಶ್ಚಿಮದಿಂದ ಬಂದ್ರೆ ಅದೇ ಐಸು ವಾಪಸ್ ದಡಕ್ಕೆ ಒತ್ಕೊಂಡು ಬರುತ್ತೆ. ಅನುಭವ ಇರೋ ಕ್ಯಾಪ್ಟನ್‌ಗಳು ನಂಬಿದ್ದು ಒಂದೇ ಮಾತು, ಇವತ್ತಲ್ಲ ನಾಳೆ ಈಶಾನ್ಯ ಗಾಳಿ ಬಂದೇ ಬರುತ್ತೆ. ಅಲ್ಲಿವರೆಗೆ ಪ್ರತಿ ವರ್ಷ ಬಂದಿತ್ತು ಕೂಡ.

1871ರ ಆಗಸ್ಟ್ ಮೊದಲಲ್ಲಿ ಹಡಗುಗಳ ಗುಂಪು ವೇನ್‌ರೈಟ್ ಹಿನ್ನೀರಿನಿಂದ ಪಾಯಿಂಟ್ ಬೆಲ್ಚರ್‌ವರೆಗೆ ಆ ಓಣಿಯಲ್ಲಿ ಹರಡ್ಕೊಂಡಿತ್ತು. ಆಗಸ್ಟ್ 11ರ ಸುಮಾರಿಗೆ ಗಾಳಿ ತಿರುಗಿ ಪಶ್ಚಿಮದಿಂದ ಬೀಸಿ ಐಸು ಒತ್ತಿಬಂತು, ಹಡಗುಗಳು ದಡದ ಕಡೆ ಸರೀತಾ ಬಂದ್ವು. 25ಕ್ಕೆ ಈಶಾನ್ಯದಿಂದ ಜೋರು ಗಾಳಿ ಬೀಸಿ ಐಸು ಕೆಲವು ಮೈಲಿ ಆಚೆ ಹೋಯ್ತು. ಎಲ್ಲರಿಗೂ ಉಸಿರು ಬಂತು, ಮತ್ತೆ ದೋಣಿ ಇಳಿಸಿ ಬೇಟೆಗೆ ಹೋದ್ರು. ಇನುಪಿಯಾಟ್ ಜನ, ಅಂದ್ರೆ ಸಾವಿರಾರು ವರ್ಷದಿಂದ ಅದೇ ತೀರದಲ್ಲಿ ಬದುಕಿ ಬಂದ ಮಂದಿ, ಹಡಗಿನವರಿಗೆ ಬಂದು ಹೇಳಿದ್ರು, ಐಸು ಮತ್ತೆ ಬರುತ್ತೆ, ಈ ಸಲ ಹೋಗಲ್ಲ, ಈಗ್ಲೇ ಹೊರಡಿ ಅಂತ. ಕ್ಯಾಪ್ಟನ್‌ಗಳು ಕೇಳ್ಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನೋವು ಕೊಡೋ ಜಾಗ ಇದೇ. ಆಮೇಲೆ ಅವರು ಮಾಡಿದ್ದನ್ನೆಲ್ಲ ನಾನು ಹೊಗಳ್ತೀನಿ, ಆದ್ರೆ ಆ ನಾಲ್ಕು ದಿನ ಬಾಗಿಲು ತೆರೆದಿತ್ತು, ಆ ನೆಲದ ಮಕ್ಕಳೇ ಬಂದು ಹೇಳಿದ್ರು, ಪೀಪಾಯಿ ತುಂಬೋ ಆಸೆಗೆ ಇವರು ನಿಂತ್ಬಿಟ್ರು.

ಆಗಸ್ಟ್ 29ಕ್ಕೆ ಗಾಳಿ ತಿರುಗಿ ನೈಋತ್ಯದಿಂದ ಬೀಸ್ತು. ಈ ಸಲ ಐಸಿನ ದೊಡ್ಡ ದೊಡ್ಡ ಗಡ್ಡೆಗಳು ಆಳ ಕಮ್ಮಿ ಇರೋ ಕಡೆ ಬಂದು ತಳಕ್ಕೆ ಕಚ್ಕೊಂಡು ಗೋಡೆ ಥರ ನಿಂತ್ವು. ಉಳಿದಿದ್ದು ಅರ್ಧ ಮೈಲಿನೂ ಅಗಲ ಇರದ ನೀರು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ ಅದೇ ಸ್ಥಿತಿ, ಒಂದು ಕಡೆ ಹಡಗಿನ ತಳ ನೆಲಕ್ಕೆ ತಾಗೋ ದಡ, ಇನ್ನೊಂದು ಕಡೆ ಹಡಗನ್ನ ಕಡ್ಲೆಕಾಯಿ ಥರ ಒಡೆಯೋ ಐಸು. ಸೆಪ್ಟೆಂಬರ್ 2ಕ್ಕೆ ಕಾಮೆಟ್ ಹಡಗು ಎರಡು ಗಡ್ಡೆ ಮಧ್ಯ ಸಿಕ್ಕಿ ನುಚ್ಚುನೂರಾಯ್ತು. ಒಂದು ವಾರದೊಳಗೆ ರೋಮನ್, ಅವಾಶಾಂಕ್ಸ್ ಹೋದ್ವು. ಅದರಲ್ಲಿದ್ದ ಜನ ಐಸಿನ ಮೇಲೆ ಹಾರಿ ದೋಣಿ ಎಳ್ಕೊಂಡು ಬೇರೆ ಹಡಗು ಸೇರಿದ್ರು. ಅಂದ್ರೆ ಉಳಿದ ಹಡಗುಗಳಲ್ಲಿ ಊಟಕ್ಕೆ ಬಾಯಿ ಜಾಸ್ತಿ ಆಯ್ತು.

ಇಲ್ಲಿ ಕ್ಯಾಪ್ಟನ್‌ಗಳ ಮುಂದೆ ಇದ್ದ ದಾರಿ ಏನೇನು ಅಂತ ನೋಡಿ. ಕಾಯೋದು, ಈಶಾನ್ಯ ಗಾಳಿ ಬಂದ್ರೆ ಹಡಗು, ಎಣ್ಣೆ, ಬಲೀನ್ ಎಲ್ಲ ಉಳಿಯುತ್ತೆ, ಬರದಿದ್ರೆ ಚಳಿಗಾಲ ಅಲ್ಲೇ. ಚಳಿಗಾಲ ಕಳೆಯೋಣ ಅಂದ್ರೆ ಊಟ ಹೆಚ್ಚೆಂದ್ರೆ ಮೂರು ತಿಂಗಳಿಗೆ ಇದೆ, ಐಸು ಬಿಡೋದು ಒಂಬತ್ತು ಹತ್ತು ತಿಂಗಳಾದ ಮೇಲೆ, ದಡದಲ್ಲಿ ಒಂದು ಮರ ಇಲ್ಲ, ಸುಡೋಕೆ ಸೌದೆ ಇಲ್ಲ, ತರಕಾರಿ ಹಣ್ಣು ಇಲ್ಲದೆ ಸ್ಕರ್ವಿ ಅನ್ನೋ ಕಾಯಿಲೆ ಬರೋದು ಖಂಡಿತ. ಅಂಥ ಚಳಿಗಾಲ ಹೇಗಿರುತ್ತೆ ಅಂತ ಹೇಳೋರೂ ಆ ಸೀಸನ್ನಲ್ಲೇ ಸಿಕ್ಕಿದ್ರು. ಹಿಂದಿನ ವರ್ಷ ಜಪಾನ್ ಅನ್ನೋ ಹೆಸರಿನ ಹಡಗು ಸೈಬೀರಿಯಾ ತೀರದಲ್ಲಿ ಒಡೆದು ಹೋಗಿ, ಕ್ಯಾಪ್ಟನ್ ಫ್ರೆಡ್ರಿಕ್ ಬಾರ್ಕರ್ ಮತ್ತೆ ಉಳಿದ ಜನ ಚುಕ್ಚಿ ಬುಡಕಟ್ಟಿನವರ ಗುಡಿಸಲಲ್ಲಿ ಅವರು ಕೊಟ್ಟ ವಾಲ್ರಸ್ (ಉದ್ದ ದಂತದ ದೊಡ್ಡ ಕಡಲಪ್ರಾಣಿ) ಮಾಂಸ ತಿಂದು ಜೀವ ಹಿಡ್ಕೊಂಡಿದ್ರು. ಒಂದು ಹಡಗಿನ ಜನವನ್ನ ಸಾಕೋಕೇ ಆ ಬಡ ಊರುಗಳು ತಮ್ಮ ಬಾಯಿಗೆ ಬಿಗಿ ಹಾಕ್ಕೊಳ್ಳಬೇಕಾಯ್ತು. ಇಲ್ಲಿ 1200 ಜನ ಇದ್ದಾರೆ.

ಮೂರನೇ ದಾರಿ ದೋಣಿಲಿ ದಕ್ಷಿಣಕ್ಕೆ ಹೋಗೋದು. ಆದ್ರೆ ಅಲ್ಲಿ ಯಾರಾದ್ರೂ ಇದ್ದಾರಾ? ಫ್ಲಾರಿಡಾ ಹಡಗಿನ ಕ್ಯಾಪ್ಟನ್ ಫ್ರೇಜರ್ ಮೂರು ದೋಣಿ ತಗೊಂಡು ಐಸಿನ ಸಂದಿ ಸಂದಿಯಲ್ಲಿ ನುಗ್ಗಿ ಐಸಿ ಕೇಪ್ ಅನ್ನೋ ಭೂಶಿರದ ಆಚೆ ಹೋಗಿ ನೋಡ್ಕೊಂಡು ಬಂದ್ರು. ಹಡಗುಗಳು ಇದ್ವು, ಏಳು. ಅವೂ ಐಸಿಂದ ಕಷ್ಟಪಟ್ಟು ಬಿಡಿಸ್ಕೊಂಡಿದ್ದವೇ, ಆದ್ರೆ ಕಾಯ್ತೀವಿ ಅಂದ್ರು. ಅದರಲ್ಲಿ ಪ್ರೋಗ್ರೆಸ್ ಹಡಗಿನ ಕ್ಯಾಪ್ಟನ್ ಡೌಡನ್, ನನ್ನ ಹತ್ರ ಒಂದು ಲಂಗರು, ಇಲ್ಲಾಂದ್ರೆ ಹಾಯಿ ಕಟ್ಟೋಕೆ ಒಂದು ಮರದ ಕಂಬ ಉಳಿಯೋವರೆಗೂ ಅಷ್ಟೂ ಜನಕ್ಕೆ ಕಾಯ್ತೀನಿ ಅನ್ನೋ ಅರ್ಥದ ಮಾತು ಹೇಳಿ ಕಳಿಸಿದ್ರು ಅಂತ ವಿಲಿಯಂ ದೊಡ್ಡವನಾದ ಮೇಲೆ ನೆನೆಸ್ಕೊಂಡಿದ್ದಾನೆ. ಇದರ ಮಧ್ಯ ಇನ್ನೊಂದು ಪ್ರಯತ್ನನೂ ಆಯ್ತು, ಕೊಹೋಲಾ ಅನ್ನೋ ಚಿಕ್ಕ ಹಡಗನ್ನ ಸರಕೆಲ್ಲ ಇಳಿಸಿ ಹಗುರ ಮಾಡಿ ನೀರಿನಡಿಯ ಮರಳ ದಿಬ್ಬ ದಾಟಿಸೋಣ ಅಂತ ನೋಡಿದ್ರು, ನೀರು ಸಾಲ್ಲಿಲ್ಲ. ಅಲ್ಲಿಗೆ ಹಡಗು ಹೊರಗೆ ತಗೊಂಡು ಹೋಗೋ ಆಸೆ ಮುಗೀತು.

ಸೆಪ್ಟೆಂಬರ್ 12ಕ್ಕೆ ಕ್ಯಾಪ್ಟನ್‌ಗಳೆಲ್ಲ ಕೂತು ಒಂದು ಒಪ್ಪಂದ ಬರೆದು ಸಹಿ ಹಾಕಿದ್ರು. ಹಡಗು ಹೊರಗೆ ತರೋ ದಾರಿ ಇಲ್ಲ, ಊಟ ಮೂರು ತಿಂಗಳಿಗೆ ಮೇಲೆ ಇಲ್ಲ, ಈ ಬರಡು ನೆಲದಲ್ಲಿ ಅನ್ನನೂ ಸಿಗಲ್ಲ ಸೌದೆನೂ ಸಿಗಲ್ಲ, ಹಾಗಾಗಿ ಎದೆ ಗಟ್ಟಿ ಮಾಡ್ಕೊಂಡು ಹಡಗು ಬಿಡ್ತಿದೀವಿ, ಇದು ಅದರ ತಿರುಳು. ದಕ್ಷಿಣದ ಹಡಗುಗಳಿಗೂ ಒಂದು ಕಾಗದ ಹೋಯ್ತು, ನೀವು ನಿಮ್ಮ ಬೇಟೆ ಬಿಡಿ, ನಿಮ್ಮದು ನಿಮ್ಮ ಮಾಲೀಕರದು ಇಬ್ಬರ ಲಾಭನೂ ಬಿಡಿ, ನಮ್ಮನ್ನ ಹತ್ತಿಸ್ಕೊಂಡು ಜನ ಇರೋ ಬಂದರಿಗೆ ಮುಟ್ಟಿಸಿ ಅಂತ.

ಎಲ್ಲ ಒಟ್ಟಿಗೆ ಸಹಿ ಹಾಕಿದ್ದು ದೊಡ್ಡ ವಿಷಯ ಅಂತ ನನಗನ್ಸುತ್ತೆ. ಒಬ್ಬ ಕ್ಯಾಪ್ಟನ್ ಒಬ್ಬನೇ ಹಡಗು ಬಿಟ್ಟಿದ್ರೆ ಮಾಲೀಕ ಜೀವಮಾನ ಪೂರ್ತಿ ಬಿಡ್ತಿರ್ಲಿಲ್ಲ, ಪಕ್ಕದ ಹಡಗಿನವನು ಇನ್ನೂ ನಿಂತಿದ್ನಲ್ಲ ನಿನಗೇನು ಬಂದಿತ್ತು ಅಂತ ಕೇಳ್ತಿದ್ದ. ಇನ್ನೊಂದು ವಿಷಯ, ಕೆಲವು ಹಡಗುಗಳಲ್ಲಿ ಹೆಂಡ್ತಿ ಮಕ್ಕಳಿದ್ರು. ಇದು ತೀರ್ಮಾನವನ್ನ ಎಷ್ಟು ಬದಲಾಯಿಸ್ತು ಅಂತ ಕಾಗದದಲ್ಲಿ ಯಾರೂ ಬರೆದಿಟ್ಟಿಲ್ಲ, ಆದ್ರೆ ರಾತ್ರಿ ಊಟಕ್ಕೆ ಕೂತಾಗ ಎದುರಿಗೆ ಹತ್ತು ವರ್ಷದ ಮಗಳು ಬ್ರೆಡ್ ತಿಂತಿರೋವಾಗ, ಮೂರು ತಿಂಗಳ ಊಟ ಅನ್ನೋ ಲೆಕ್ಕ ಬರೀ ಲೆಕ್ಕ ಆಗಿ ಉಳಿಯೋಕೆ ಸಾಧ್ಯನೇ ಇಲ್ಲ ಅಂತ ನಾನು ನಂಬ್ತೀನಿ.

ಹೊರಡೋ ಮುಂಚೆ ಬೇಟೆ ದೋಣಿಗಳನ್ನ ತಯಾರು ಮಾಡಿದ್ರು. ಇವು ಸುಮಾರು 28-30 ಅಡಿಯ ಹಗುರ ದೋಣಿಗಳು, ತೆಳು ಹಲಗೆ, ವೇಗಕ್ಕೆ ಅಂತ ಮಾಡಿದ್ದು. ಹೊಸದಾಗಿ ಕಟ್ಟಿರೋ ಎಳೆ ಐಸು ಗಾಜಿನ ಥರ ಚೂಪಾಗಿರುತ್ತೆ, ತೆಳು ಹಲಗೆಯನ್ನ ಗರಗಸದ ಹಾಗೆ ಕುಯ್ದುಬಿಡುತ್ತೆ, ಅದಕ್ಕೆ ಮೂತಿಗೆ ತಾಮ್ರದ ತಗಡು ಹೊಡೆದ್ರು. ದಾರಿಯಲ್ಲಿ ಬೇಕಾಗುತ್ತೆ ಅಂತ ಊಟದ ಸಾಮಾನನ್ನ ಮುಂಚೆನೇ ದೋಣಿಗಳಲ್ಲಿ ದಕ್ಷಿಣಕ್ಕೆ ಸಾಗಿಸೋಕೂ ಶುರು ಮಾಡಿದ್ರು.

ಆಮೇಲೆ 14ನೇ ತಾರೀಕು ಒಂದೊಂದೇ ಹಡಗಿನ ಬಾವುಟ ಏರ್ತು, ಜನ ಇಳಿದ್ರು. ವಿಲಿಯಮ್ಸ್ ದೋಣಿಯಲ್ಲಿ ಹುಟ್ಟು ಹಾಕೋರ ಜೊತೆಗೆ ತಾಯಿ, ಇಬ್ಬರು ಮಕ್ಕಳು, ಗಂಟುಮೂಟೆ, ಎಷ್ಟು ಭಾರ ಅಂದ್ರೆ ಅಂಚು ನೀರಿಗೆ ತಾಗೋದೊಂದು ಬಾಕಿ. ಮಾಂಟಿಸೆಲ್ಲೋದಿಂದ ಸ್ವಲ್ಪವೇ ದೂರದಲ್ಲಿ ಫ್ಲಾರಿಡಾ ಕೂಡ ಅದೇ ಥರ ಐಸಲ್ಲಿ ಸಿಕ್ಕಿ ನಿಂತಿತ್ತು. ಹೌದು, ಅದೇ ಫ್ಲಾರಿಡಾ, ವಿಲಿಯಮ್ಸ್ ಎಂಟು ವರ್ಷ ನಡೆಸಿದ್ದ, ಎಲೈಜಾ ಹೆರಿಗೆ ಆಗಿದ್ದ ಹಡಗು. ವಿಲಿಯಂ ಮುಂದೆ ಇದನ್ನ ಹೇಳ್ಕೊಳ್ಳೋವಾಗ ತನಗೇನೋ ಹುಡುಗು ವಯಸ್ಸು, ಏನೇ ಬದಲಾದ್ರೂ ಅದರಲ್ಲಿ ಏನೋ ಹೊಸದು ಕಾಣ್ತಿತ್ತು, ಅಪ್ಪ ಅಮ್ಮನಿಗೆ ಅವತ್ತು ಹೇಗಾಗಿರಬೇಕು ಅಂತಾನೆ. ಒಂದೇ ನೋಟದಲ್ಲಿ ಎರಡು ಮನೆನ ಬಿಟ್ಟು ಹೋಗೋದು.

ಅವತ್ತು ರಾತ್ರಿ ವಿಕ್ಟೋರಿಯಾ ಅನ್ನೋ ಚಿಕ್ಕ ಹಡಗಿನವರೆಗೆ ಹೋಗಿ ಅಲ್ಲಿ ಉಳ್ಕೊಂಡ್ರು. ಮಾರನೇ ದಿನ ಮತ್ತೆ ಹುಟ್ಟು ಹಾಕಿದ್ರು. ಹಡಗು ನಿಂತಿದ್ದ ಜಾಗಕ್ಕೆ ತಕ್ಕ ಹಾಗೆ ಒಟ್ಟು 60ರಿಂದ 80 ಮೈಲಿ ದೂರ ಅದು, ನೂರಕ್ಕೂ ಮೀರಿ ದೋಣಿ ಸಾಲಾಗಿ ದಡಕ್ಕೂ ಐಸಿಗೂ ಮಧ್ಯ. ರಾತ್ರಿ ಮರಳಿನ ದಿಬ್ಬದ ಮೇಲೆ ದೋಣಿ ಎಳೆದು, ಬೋರಲು ಹಾಕಿ, ಮೇಲೆ ಹಾಯಿ ಬಟ್ಟೆ ಹೊದಿಸಿ ಹೆಂಗಸರು ಮಕ್ಕಳಿಗೆ ಗೂಡು ಮಾಡ್ಕೊಟ್ರು. ಗಂಡಸರು ತೇಲಿ ಬಂದಿದ್ದ ಕಟ್ಟಿಗೆ ಆರಿಸಿ ಬೆಂಕಿ ಹಾಕ್ಕೊಂಡು ಸುತ್ತ ಕೂತ್ರು.

ಐಸಿ ಕೇಪ್ ದಾಟಿದ ಮೇಲೆ ನಿಜವಾದ ಗಂಡಾಂತರ. ಅಲ್ಲಿವರೆಗೆ ಐಸು ಅಲೆ ತಡೀತಿತ್ತು, ಈಗ ತೆರೆದ ಸಮುದ್ರ, ನೈಋತ್ಯದಿಂದ ಬಿರುಗಾಳಿ, ಕಾಯ್ತಿರೋ ಹಡಗುಗಳು ಆಚೆ ಲಂಗರಿನ ಮೇಲೆ ಕುಪ್ಪಳಿಸ್ತಿವೆ. ತುಂಬಿದ ದೋಣಿಗಳಿಗೆ ಅಲೆ ಮೇಲಿಂದ ಬೀಳ್ತಿತ್ತು, ಎಲ್ಲರೂ ಕೈಗೆ ಸಿಕ್ಕಿದ್ದರಲ್ಲಿ ನೀರು ಎತ್ತಿ ಚೆಲ್ತಾ ಹೋದ್ರು, ಊಟದ ಸಾಮಾನೆಲ್ಲ ನೆಂದು ಮುದ್ದೆಯಾಯ್ತು. ಆದ್ರೂ 16ನೇ ತಾರೀಕಿನ ಹೊತ್ತಿಗೆ ಅಷ್ಟೂ ಜನ ಮೇಲೆ ಹತ್ತಿಬಿಟ್ಟಿದ್ರು. ಯಾವ ಹಡಗಿಗೆ ಎಷ್ಟು ಜನ ಅನ್ನೋ ಲೆಕ್ಕ ಉಳಿದಿದೆ: ಯುರೋಪಾ 280, ಆರ್ಕ್ಟಿಕ್ 250, ಪ್ರೋಗ್ರೆಸ್ 221, ಲಗೋಡಾ 195, ಡೇನಿಯಲ್ ವೆಬ್‌ಸ್ಟರ್ 113, ಮೈಡಾಸ್ 100, ಚಾನ್ಸ್ 60. ಕೂಡಿ ನೋಡಿ, ಸರಿಯಾಗಿ 1219 ಬರುತ್ತೆ. ನಾನು ಕೂಡಿ ನೋಡಿದೆ, ಕಣ್ಣು ತುಂಬಿ ಬಂತು.

ವಿಲಿಯಮ್ಸ್ ಕುಟುಂಬ ಪ್ರೋಗ್ರೆಸ್ ಹತ್ತಿತು. ತಮ್ಮ ಜನರೇ ಮೂವತ್ತು ಚಿಲ್ಲರೆ ಇರೋ ಹಡಗಿಗೆ ಇನ್ನೂರು ಜನ ಬಂದ್ರೆ ಮಲಗೋಕೆ ಜಾಗ ಎಲ್ಲಿ? ಏಳೂ ಹಡಗಿನವರು ಈಟಿ, ಹಗ್ಗ, ಹಿಡಿದಿದ್ದ ಬೇಟೆಯ ಸರಕು, ಎಲ್ಲ ಸಮುದ್ರಕ್ಕೆ ಎಸೆದು ಜಾಗ ಮಾಡಿದ್ರು. ಆ ಏಳು ಹಡಗಿನ ನಾವಿಕರಿಗೂ ಪಾಲೇ ಸಂಬಳ, ತಮ್ಮ ಸಂಬಳನ ತಾವೇ ನೀರಿಗೆ ಹಾಕಿದ್ದು ಅದು. ಅಕ್ಟೋಬರ್ ಕೊನೆ ಹೊತ್ತಿಗೆ ಹೊನೊಲುಲು ಬಂದರಿಗೆ ಹಡಗುಗಳು ಬರೋಕೆ ಶುರುವಾದಾಗ ಊರಿಗೆ ಊರೇ ದಂಗಾಯ್ತು, ಇವರ ಜೊತೆ ದುಡೀತಿದ್ದ ಹವಾಯಿ ಹುಡುಗರೇ ಎಷ್ಟೋ ಜನ ಇದ್ರಲ್ಲ.

ನಷ್ಟದ ಬಾಬ್ತು ಹೇಳೋದಾದ್ರೆ ಒಟ್ಟು 33 ಹಡಗು, 16 ಲಕ್ಷ ಡಾಲರ್‌ಗೂ ಮೀರಿ. ಅದರಲ್ಲಿ 22 ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಒಂದೇ ಊರಿಂದು. ಆ ಊರು ತಿಮಿಂಗಿಲದ ದುಡ್ಡಲ್ಲೇ ಕಟ್ಟಿದ್ದು, ಅದಾದ ಮೇಲೆ ಆ ವ್ಯಾಪಾರ ಮೊದಲಿನ ಹಾಗೆ ಏಳ್ಲೇ ಇಲ್ಲ.

ಈಗ ಕಷ್ಟದ ಪ್ರಶ್ನೆ. ಹಡಗು ಬಿಟ್ಟು ಎರಡು ವಾರ ಆಗೋ ಹೊತ್ತಿಗೆ ಇವರು ಕಾಯ್ತಿದ್ದ ಈಶಾನ್ಯ ಬಿರುಗಾಳಿ ಬಂತು. ಐಸು ದಡದಿಂದ ಆಚೆ ಹೋಯ್ತು. ಜನ ಇದ್ದಿದ್ರೆ ಕೆಲವು ಹಡಗಾದ್ರೂ ಹೊರಗೆ ಬರ್ತಿದ್ವೇನೋ. ಹಾಗಾದ್ರೆ ತೀರ್ಮಾನ ತಪ್ಪಾ? ನನ್ನ ಪ್ರಕಾರ ಖಂಡಿತ ಅಲ್ಲ. ಸೆಪ್ಟೆಂಬರ್ 12ಕ್ಕೆ ಅವರ ಕೈಲಿದ್ದ ಮಾಹಿತಿ ಏನು, ಅದರ ಮೇಲೆ ನ್ಯಾಯ ಮಾಡ್ಬೇಕು. ಕಾದು ಗಾಳಿ ಬರದೆ ಹೋಗಿದ್ರೆ ದಕ್ಷಿಣದ ಏಳು ಹಡಗೂ ಎಳೆ ಐಸಿಗೆ ಹೆದರಿ ಹೊರಡಲೇಬೇಕಿತ್ತು, ಆಮೇಲೆ ದೋಣಿ ಇದ್ರೂ ಹೋಗೋಕೆ ಜಾಗ ಇರ್ತಿರ್ಲಿಲ್ಲ. ಹಡಗು ಉಳಿಸೋ ಅವಕಾಶ ಎರಡು ವಾರ ಬಿಟ್ಟೂ ಬರಬಹುದಿತ್ತು, ಜನರನ್ನ ಉಳಿಸೋ ಅವಕಾಶ ಆ ನಾಲ್ಕೈದು ದಿನ ಮಾತ್ರ ಇತ್ತು.

ಇದಕ್ಕೆ ಐದು ವರ್ಷದಲ್ಲೇ ಉತ್ತರನೂ ಸಿಕ್ತು, ಕೆಟ್ಟ ರೀತಿಲಿ. 1876ರಲ್ಲಿ ಇದೇ ಉತ್ತರ ತೀರದಲ್ಲಿ 12 ಹಡಗು ಐಸಿಗೆ ಸಿಕ್ವು. ಹೆಚ್ಚಿನೋರು ಐಸಿನ ಮೇಲೆ ನಡ್ಕೊಂಡು, ದೋಣಿ ಎಳ್ಕೊಂಡು ಹೊರಗೆ ಬಂದ್ರು. ಸುಮಾರು 50 ಜನ ಹಡಗಲ್ಲೇ ಇರ್ತೀವಿ ಅಂದ್ರು. ಅವರನ್ನ ಮತ್ತೆ ಯಾರೂ ನೋಡ್ಲಿಲ್ಲ. 1871ರಲ್ಲೂ ಒಬ್ಬ ಹಿಂದೆ ಉಳಿದಿದ್ದ, ತಿಮಿಂಗಿಲಕ್ಕೆ ಈಟಿ ಎಸೆಯೋ ಒಬ್ಬ ನಾವಿಕ, ಬಿಟ್ಟ ಹಡಗುಗಳಿಂದ ಬಲೀನ್ ಸಂಗ್ರಹಿಸಿ ದುಡ್ಡು ಮಾಡ್ಕೊಳ್ಳೋಣ ಅಂತ. ಮುಂದಿನ ಬೇಸಿಗೆಗೆ ಜೀವಂತ ಸಿಕ್ಕ, ಒಂದೂವರೆ ಲಕ್ಷ ಡಾಲರ್ ಕೊಟ್ರೂ ಇನ್ನೊಂದು ಚಳಿಗಾಲ ಅಲ್ಲಿ ಇರಲ್ಲ ಅಂದ ಅಂತ ದಾಖಲಾಗಿದೆ.

ಜನ ಉಳಿದ್ರು ಅಂತ ಹೇಳಿ ಇಲ್ಲಿಗೇ ನಿಲ್ಸಿದ್ರೆ ಅರ್ಧ ಕಥೆ ಹೇಳಿದ ಹಾಗಾಗುತ್ತೆ. ಬೇಟೆ ಹಡಗುಗಳು ತಿಮಿಂಗಿಲ ಸಿಗದ ತಿಂಗಳುಗಳಲ್ಲಿ ವಾಲ್ರಸ್‌ಗಳನ್ನ ಐಸಿನ ಮೇಲೇ ಗುಂಪು ಗುಂಪಾಗಿ ಗುಂಡಿಟ್ಟು ಕೊಲ್ತಿದ್ವು, ಕೊಬ್ಬಿಗೆ, ದಂತಕ್ಕೆ. ತೀರದ ಜನಕ್ಕೆ ಅದೇ ಊಟ, ಅದೇ ದೋಣಿಯ ಚರ್ಮ, ಅದೇ ದೀಪದ ಎಣ್ಣೆ. ಚುಕ್ಚಿಗಳ ಕೈ ತುತ್ತು ತಿಂದು ಬದುಕಿದ ಬಾರ್ಕರ್ ಊರಿಗೆ ಬಂದ ಮೇಲೆ ಇದನ್ನ ನಿಲ್ಲಿಸಿ, ನಿಲ್ಲಿಸದಿದ್ರೆ ಆ ಜನ ಹಸಿವಿಂದ ಸಾಯ್ತಾರೆ ಅಂತ ಬೇಡ್ಕೊಂಡ್ರು. ನಿಲ್ಲಿಸಲಿಲ್ಲ. 1878ರಿಂದ 1880ರ ನಡುವೆ ಬೇರಿಂಗ್ ಸಮುದ್ರದ ಸೇಂಟ್ ಲಾರೆನ್ಸ್ ದ್ವೀಪದಲ್ಲಿ ಘೋರ ಬರಗಾಲ ಬಂದು ಮೂರರಲ್ಲಿ ಎರಡು ಪಾಲಿನಷ್ಟು ಜನ ಸತ್ತರು. ಹವಾಮಾನ, ಹಡಗಿನವರು ತಂದ ಹೆಂಡ, ಇವೂ ಕಾರಣ ಅಂತಾರೆ, ಆದ್ರೆ ವಾಲ್ರಸ್ ಖಾಲಿ ಆಗಿದ್ದು ಅದರಲ್ಲಿ ಸೇರಿದೆ. ಎಚ್ಚರಿಕೆ ಹೇಳಿದೋರು, ಅನ್ನ ಕೊಟ್ಟೋರು, ಕೊನೆಗೆ ಬೆಲೆ ಕೊಟ್ಟಿದ್ದೂ ಅವರೇ.

ಕ್ಯಾಪ್ಟನ್ ವಿಲಿಯಮ್ಸ್ ಮರುವರ್ಷ, 1872ರಲ್ಲಿ, ಫ್ಲಾರೆನ್ಸ್ ಅನ್ನೋ ಹಡಗು ತಗೊಂಡು ವಾಪಸ್ ಹೋದ್ರು, ಉಳಿದಿದ್ದೇನಾದ್ರೂ ಸಿಗುತ್ತಾ ಅಂತ ನೋಡೋಕೆ. ಹೆಚ್ಚಿನ ಹಡಗುಗಳು ಪುಡಿಯಾಗಿದ್ವು, ಕೆಲವು ಸುಟ್ಟಿದ್ವು, ಕೆಲವದರ ಮರ ಮುಟ್ಟುಗಳನ್ನ ಇನುಪಿಯಾಟರು ಬಿಚ್ಕೊಂಡಿದ್ರು. ಮಿನರ್ವಾ ಅನ್ನೋದೊಂದು ಮಾತ್ರ ವೇನ್‌ರೈಟ್ ಹಿನ್ನೀರಿನ ಬಾಯಲ್ಲಿ ಬಿಟ್ಟು ಹೋದ ಹಾಗೇ ತೇಲ್ತಾ ನಿಂತಿತ್ತು, ಅದಕ್ಕೆ ಜನ ಹತ್ತಿಸಿ ನಡೆಸ್ಕೊಂಡು ಬಂದ್ರು. ಮಾಂಟಿಸೆಲ್ಲೋ ಇರ್ಲಿಲ್ಲ. ಮಗ ವಿಲಿಯಂ ಮುಂದೆ ಎಂಜಿನಿಯರ್ ಆದ, 1902ರಲ್ಲಿ ಜನರ ಮುಂದೆ ನಿಂತು ಈ ಕಥೆ ಹೇಳಿದ, ಇವತ್ತು ನಮಗೆ ದೋಣಿ ಎಷ್ಟು ತುಂಬಿತ್ತು, ರಾತ್ರಿ ಎಲ್ಲಿ ಉಳ್ಕೊಂಡ್ರು ಅಂತ ಗೊತ್ತಿರೋದು ಆ ಹುಡುಗನ ನೆನಪಿಂದ.

2015ರಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ಪುರಾತತ್ವ ತಜ್ಞರು ವೇನ್‌ರೈಟ್ ತೀರದ ಆಚೆ ಸೋನಾರ್ (ಶಬ್ದದ ಅಲೆಯಿಂದ ನೀರಿನಡಿ ನೋಡೋ ಯಂತ್ರ) ಹಿಡ್ಕೊಂಡು ಹುಡುಕಿದಾಗ ತಳದಲ್ಲಿ ಎರಡು ಹಡಗಿನ ಅಡಿಭಾಗ ಸಿಕ್ತು, ಚಪ್ಪಟೆಯಾಗಿ ಮಲಗಿತ್ತು. ಲಂಗರುಗಳು, ತೂಕಕ್ಕೆ ಹಾಕಿದ್ದ ಕಲ್ಲುಗಳು, ಕೊಬ್ಬು ಕಾಯಿಸೋ ಒಲೆಯ ಇಟ್ಟಿಗೆಗಳು ಇನ್ನೂ ಅಲ್ಲೇ ಇವೆ. ಯಾವ ಹಡಗಿನವು ಅಂತ ಹೆಸರು ಅವುಗಳ ಮೇಲೆ ಬರೆದಿಲ್ಲ.